ಗ್ರೀಕ್ ಕಂಬಗಳ ಮೂರು ಶೈಲಿ: ಗುರುತಿಸುವುದು ಹೇಗೆ?

ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡದ ಮೇಲಿರುವ ಪಾರ್ಥೆನಾನ್ ದೇಗುಲವು 1687ರಲ್ಲಿ ವೆನಿಸ್ ಸೇನೆಯ ಫಿರಂಗಿ ದಾಳಿಗೆ ತುತ್ತಾಯಿತು. ಒಟ್ಟೊಮನ್ ತುರ್ಕರು ಒಳಗೆ ಸಂಗ್ರಹಿಸಿದ್ದ ಸಿಡಿಮದ್ದು ಸ್ಫೋಟಿಸಿ, ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತಿದ್ದ ಹಲವು ಕಂಬಗಳು ಉರುಳಿದವು. 20ನೇ ಶತಮಾನದ ಪೂರ್ವಾರ್ಧದಲ್ಲಿ ಅವುಗಳನ್ನು ಮರಳಿ ನಿಲ್ಲಿಸಲಾಯಿತಾದರೂ, ಅನೇಕ ಕಲ್ಲುಗಳು ತಮ್ಮದಲ್ಲದ ಸ್ಥಾನವನ್ನು ಸೇರಿದವು. ಈ ಪ್ರಮಾದವನ್ನು ಅರಿಯಬೇಕಾದರೆ ಗ್ರೀಕ್ ಕಂಬಗಳ ರಚನೆಯನ್ನು ತಿಳಿಯಬೇಕು.

ಪ್ರಾಚೀನ ಗ್ರೀಕರ ಕಂಬಗಳಲ್ಲಿ ಪ್ರಧಾನವಾಗಿ ಮೂರು ಶೈಲಿಗಳಿವೆ. ಕಂಬದ ಬೋದಿಗೆಯನ್ನು ನೋಡಿದೊಡನೆ ಅವುಗಳನ್ನು ಗುರುತಿಸಬಹುದು.

ಡೋರಿಕ್: ಇದು ಸರಳ ಹಾಗೂ ದೃಢವಾದ ಶೈಲಿ. ಕಂಬಕ್ಕೆ ಪೀಠವಿರುವುದಿಲ್ಲ, ಅದು ಜಗತಿಯ ಮೇಲೆಯೇ ನಿಲ್ಲುತ್ತದೆ. ಮೈಮೇಲೆ ಸಾಮಾನ್ಯವಾಗಿ 20 ಉದ್ದನೆಯ ಗೀರುಗಳಿದ್ದು, ಬೋದಿಗೆಯು ದುಂಡನೆಯ ದಿಂಬಿನಂಥ ಕಲ್ಲು ಮತ್ತು ಅದರ ಮೇಲಿನ ಚೌಕ ಹಲಗೆಯಿಂದ ಕೂಡಿದೆ. ಕ್ರಿ.ಪೂ. 447ರಿಂದ 432ರ ನಡುವೆ ನಿರ್ಮಾಣಗೊಂಡ ಪಾರ್ಥೆನಾನ್‌ನ ಹೊರಸುತ್ತಿನಲ್ಲಿ ಇಂಥ 46 ಕಂಬಗಳಿದ್ದವು. ಪ್ರತಿಯೊಂದರ ಎತ್ತರ ಸುಮಾರು 10.4 ಮೀಟರ್.

ಅಯಾನಿಕ್: ಈಗಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಅಯೋನಿಯಾ ಪ್ರಾಂತ್ಯದಿಂದ ಈ ಹೆಸರು ಬಂದಿದೆ. ಕಂಬ ತೆಳು, ಕೆಳಗೆ ಪೀಠವುಂಟು. ಬೋದಿಗೆಯ ಎರಡೂ ಬದಿಗೆ ಟಗರಿನ ಕೊಂಬಿನಂತೆ ಸುರುಳಿಗಳಿವೆ. ಅಕ್ರೊಪೊಲಿಸ್‌ನಲ್ಲೇ ಇರುವ ಎರೆಕ್ಥಿಯಾನ್ ಇದಕ್ಕೆ ಉತ್ತಮ ನಿದರ್ಶನ. ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ, 1868ರಲ್ಲಿ ಪೂರ್ಣಗೊಂಡ ಅಠಾರ ಕಚೇರಿಯ ಮುಖಮಂಟಪದಲ್ಲೂ ಇದೇ ಶೈಲಿಯ ಕಂಬಗಳಿವೆ.

ಕೊರಿಂಥಿಯನ್: ಮೂರರಲ್ಲಿ ಕೊನೆಗೆ ಬಂದ, ಅತ್ಯಂತ ಅಲಂಕೃತ ಶೈಲಿ. ಬೋದಿಗೆಯ ತುಂಬ ಅಕಾಂಥಸ್ ಗಿಡದ ಎಲೆಗಳ ಕೆತ್ತನೆ. ಬಾಲಕಿಯೊಬ್ಬಳ ಸಮಾಧಿಯ ಮೇಲೆ ದಾದಿ ಇರಿಸಿದ್ದ ಬುಟ್ಟಿಯ ಸುತ್ತ ಈ ಗಿಡ ಬೆಳೆದುದನ್ನು ಕಂಡು ಶಿಲ್ಪಿ ಕಲ್ಲಿಮ್ಯಾಕಸ್ ಇದನ್ನು ರೂಪಿಸಿದನೆಂಬ ಕಥೆಯನ್ನು ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ ದಾಖಲಿಸಿದ್ದಾನೆ. ಅಥೆನ್ಸ್‌ನ ಒಲಿಂಪಿಯನ್ ಜ್ಯೂಸ್ ದೇಗುಲದಲ್ಲಿದ್ದ ಇಂಥ 104 ಕಂಬಗಳ ಪೈಕಿ 15 ಮಾತ್ರ ನಿಂತಿವೆ. 1852ರ ಬಿರುಗಾಳಿಗೆ ಉರುಳಿದ ಇನ್ನೊಂದು ಕಂಬ ಬಿದ್ದಲ್ಲೇ ಇದೆ.

ಪಾರ್ಥೆನಾನ್‌ನ ಕಂಬಗಳು ನೋಟಕ್ಕೆ ಒಂದೇ ತೆರನಾಗಿ ಕಂಡರೂ ಹಾಗಿಲ್ಲ. ದುಂಡು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ನಿರ್ಮಿಸಿದ ಈ ಕಂಬಗಳು ಮೇಲಕ್ಕೆ ಹೋದಂತೆ ಕಿರಿದಾಗುತ್ತವೆ. ಅವುಗಳ ಅಂಚು ನೇರವಾಗಿರದೆ ನಡುವೆ ತುಸು ಉಬ್ಬಿದೆ. ಇದಕ್ಕೆ ಎಂಟಾಸಿಸ್ ಎಂದು ಹೆಸರು. ಜೊತೆಗೆ ಕಂಬಗಳು ಒಳಮುಖವಾಗಿ ಕೊಂಚ ವಾಲಿವೆ. ಹೀಗಾಗಿ ಪ್ರತಿ ಕಲ್ಲಿಗೂ ಅದರದೇ ಆದ ಸ್ಥಾನವುಂಟು. ಒಂದರ ಜಾಗಕ್ಕೆ ಇನ್ನೊಂದು ಹೊಂದದು.

ಹಿಂದಿನ ದುರಸ್ತಿಯಲ್ಲಿ ಇನ್ನೊಂದು ಲೋಪವೂ ಆಗಿತ್ತು. ಕಲ್ಲುಗಳನ್ನು ಬೆಸೆಯುವ ಕಬ್ಬಿಣದ ಕೊಂಡಿಗಳಿಗೆ ಪ್ರಾಚೀನ ಶಿಲ್ಪಿಗಳು ಸೀಸವನ್ನು ಎರೆಯುತ್ತಿದ್ದರು. 20ನೇ ಶತಮಾನದವರು ಆ ಎಚ್ಚರಿಕೆ ವಹಿಸಲಿಲ್ಲ. ಪರಿಣಾಮವಾಗಿ ಕಬ್ಬಿಣ ತುಕ್ಕು ಹಿಡಿದು, ಹಿಗ್ಗಿ, ಅಮೃತಶಿಲೆಯನ್ನೇ ಸೀಳಿತು. 1975ರಲ್ಲಿ ಗ್ರೀಸ್ ಸರ್ಕಾರ ರಚಿಸಿದ ಸಂರಕ್ಷಣಾ ಸಮಿತಿಯ ಉಸ್ತುವಾರಿಯಲ್ಲಿ ಕಂಬಗಳನ್ನು ಬಿಚ್ಚಿ, ಕಲ್ಲುಗಳನ್ನು ಅವುಗಳ ಮೂಲ ಸ್ಥಾನಕ್ಕೆ ಸೇರಿಸಿ, ತುಕ್ಕು ಹಿಡಿಯದ ಟೈಟಾನಿಯಂ ಸರಳುಗಳಿಂದ ಬಂಧಿಸುವ ಕಾರ್ಯ ಕೈಗೊಳ್ಳಲಾಯಿತು. ಮೂಲ ದೇಗುಲದ ನಿರ್ಮಾಣಕ್ಕೆ ಹಿಡಿದದ್ದು 15 ವರ್ಷ. ಅದನ್ನು ಸರಿಪಡಿಸಲು ಅದರ ದುಪ್ಪಟ್ಟಿಗೂ ಹೆಚ್ಚು ಕಾಲ ಸಂದಿದೆ.