ಬೆಳ್ಳಿ ಹೊರದೆ ಹಣ ಕಳಿಸಿದ ಊರು

ಇನ್ನೂರು ವರ್ಷಗಳ ಹಿಂದೆ ಚೀನಾದ ವರ್ತಕನೊಬ್ಬ ದೂರದ ಊರಿಗೆ ದೊಡ್ಡ ಮೊತ್ತ ಕಳಿಸಬೇಕಾದರೆ ಬೆಳ್ಳಿಗಟ್ಟಿಗಳನ್ನೇ ಗಾಡಿಗೆ ಹೇರಬೇಕಿತ್ತು. ಜೊತೆಗೆ ಕತ್ತಿ, ಭರ್ಜಿ ಹಿಡಿದ ಬೆಂಗಾವಲಿನವರು ನಡೆಯಬೇಕು. ಅವರ ಕೂಲಿ, ಊಟ, ಕುದುರೆಗಳ ಮೇವು ಎಲ್ಲವೂ ವರ್ತಕನ ತಲೆಯ ಮೇಲೆ. ಇಷ್ಟಾದ ಮೇಲೂ ದಾರಿಯಲ್ಲಿ ಕಳ್ಳರು ಬಿದ್ದರೆ ಅಸಲೂ ಹೋಯಿತು. ಈ ಕಷ್ಟಕ್ಕೆ 1823ರಲ್ಲಿ ಪರಿಹಾರ ಕಂಡುಕೊಂಡದ್ದು ರಾಜಧಾನಿಯೂ ಅಲ್ಲ, ಬಂದರು ಪಟ್ಟಣವೂ ಅಲ್ಲ. ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದ ಒಳನಾಡಿನಲ್ಲಿರುವ ಪಿಂಗ್ಯಾವ್ ಎಂಬ ಕೋಟೆಯ ಊರು. ಅಲ್ಲಿ ಶುರುವಾದ ಸಂಸ್ಥೆಯ ಹೆಸರು ರಿಷೆಂಗ್‌ಚಾಂಗ್. ಚೀನಾದ ಮೊದಲ ಹುಂಡಿಮನೆ ಎಂದು ಇತಿಹಾಸಕಾರರು ಗುರುತಿಸುವುದು ಇದನ್ನೇ.

ಬೆನ್ನಿಗೊಂದು ಚೀಲ ಹಾಕಿಕೊಂಡು ಚೀನಾ ಸುತ್ತಲು ಹೊರಟ ನಾವಿಬ್ಬರೂ ಬೀಜಿಂಗ್ ನೋಡಿ, ಟೆರಾಕೋಟಾ ಸೈನಿಕರ ಶಿಆನ್ ನಗರಕ್ಕೆ ಹೋಗುವ ದಾರಿಯಲ್ಲಿ ಪಿಂಗ್ಯಾವ್‌ನಲ್ಲಿ ಇಳಿದೆವು. ನನ್ನ ಪತಿ ಬ್ಯಾಂಕ್ ಉದ್ಯೋಗಿ. ಕೌಂಟರಿನ ಒಳಗೆ ಕೂತು ಡಿ.ಡಿ. ಬರೆದು ಬರೆದು ಕೈ ಪಳಗಿದವರು. ಈಗ ವಸ್ತುಸಂಗ್ರಹಾಲಯವಾಗಿರುವ ರಿಷೆಂಗ್‌ಚಾಂಗ್‌ನಲ್ಲಿ, ಬೇರೆ ಪ್ರವಾಸಿಗರು ಫೋಟೊ ತೆಗೆದು ಮುಂದಕ್ಕೆ ಹೋಗುವ ಜಾಗದಲ್ಲಿ ಇವರು ಗಾಜಿನ ಪೆಟ್ಟಿಗೆಗೆ ಮುಖವಿಟ್ಟು ನಿಂತುಬಿಟ್ಟರು. ‘ನೋಡು, ನಾವು ಮಾಡೋದನ್ನೆಲ್ಲ ಇವರು ಆಗಲೇ ಮಾಡಿದಾರೆ’ ಎಂದರು. ಚೀನಾ ಎಂದರೆ ಮಹಾಗೋಡೆ, ಅರಮನೆ, ಗಗನಚುಂಬಿ ಕಟ್ಟಡ ಎಂದುಕೊಂಡಿರುವ ನಮ್ಮ ಓದುಗರಿಗೆ ಈ ಸಂಸ್ಥೆಯನ್ನು ಪರಿಚಯಿಸಬೇಕೆಂದು ನನಗೆ ಅನ್ನಿಸಿದ್ದು ಅಲ್ಲೇ.

ಬಣ್ಣದ ಅಂಗಡಿಯಿಂದ ಹುಂಡಿಮನೆಗೆ

ರಿಷೆಂಗ್‌ಚಾಂಗ್‌ನ ಮೂಲ ಒಂದು ಬಣ್ಣದ ಅಂಗಡಿ. ಶಿಯುಚೆಂಗ್ ಎಂಬ ಹೆಸರಿನ ಆ ಅಂಗಡಿಯ ಒಡೆತನ ಲಿ ಮನೆತನದ್ದು. ಪಿಂಗ್ಯಾವ್‌ನಲ್ಲಿ ಮುಖ್ಯ ಅಂಗಡಿ, ಬೀಜಿಂಗ್‌ನಲ್ಲಿ ಶಾಖೆ. ಬೀಜಿಂಗ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಶಾನ್‌ಶಿಯವರು ವರ್ಷದ ಕೊನೆಗೆ ಮನೆಗೆ ಹಣ ಕಳಿಸಬೇಕಾದಾಗ ಈ ಶಾಖೆಯಲ್ಲಿ ಬೆಳ್ಳಿ ಕಟ್ಟಿ ಒಂದು ಪತ್ರ ಬರೆಸಿಕೊಳ್ಳತೊಡಗಿದರು. ಆ ಪತ್ರ ತೋರಿಸಿದರೆ ಪಿಂಗ್ಯಾವ್‌ನ ಅಂಗಡಿ ಅಷ್ಟೇ ಬೆಳ್ಳಿಯನ್ನು ಮನೆಯವರಿಗೆ ಕೊಡುತ್ತಿತ್ತು. ಮೊದಮೊದಲು ಪರಿಚಯದವರಿಗೆ ಮಾಡಿದ ಉಪಕಾರ ಇದು. ಬಣ್ಣ ಮಾರುವುದಕ್ಕಿಂತ ಇದರಲ್ಲೇ ಲಾಭವಿದೆ ಎಂದು ಕಂಡುಕೊಂಡವನು ಅಂಗಡಿಯ ಮ್ಯಾನೇಜರ್ ಲೇಯ್ ಲ್ಯೂತಾಯ್. ಮಾಲೀಕ ಲಿ ದಾಚ್ಯುವಾನ್ ಬಂಡವಾಳ ಹಾಕಿದ. ಬಣ್ಣದ ಅಂಗಡಿ ಹುಂಡಿಮನೆಯಾಯಿತು.

ಹುಂಡಿ ಎಂದರೆ ಇಲ್ಲಿ ದೇವಸ್ಥಾನದ ಕಾಣಿಕೆ ಪೆಟ್ಟಿಗೆಯಲ್ಲ, ವರ್ತಕರ ಹುಂಡಿ. ಭಾರತದ ಸಾಹುಕಾರರೂ ಒಂದು ಊರಿನಲ್ಲಿ ಹಣ ಪಡೆದು ಇನ್ನೊಂದು ಊರಿನ ಕೋಠಿಯ ಮೇಲೆ ಹುಂಡಿ ಬರೆದುಕೊಡುತ್ತಿದ್ದರು. ಪಿಂಗ್ಯಾವ್‌ನವರ ವೈಶಿಷ್ಟ್ಯವೆಂದರೆ ಇದನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡು, ದೇಶದ ಉದ್ದಗಲಕ್ಕೂ ತಮ್ಮದೇ ಶಾಖೆಗಳನ್ನು ತೆರೆದದ್ದು. ರಿಷೆಂಗ್‌ಚಾಂಗ್ ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಶಾಖೆ ಇಟ್ಟಿತ್ತು. ಅಲ್ಲಿಂದಲೇ ಹೊರಬಿದ್ದ ಮಾವ್ ಹೋಂಗ್‌ಹುಯ್ ಎಂಬಾತ ವೇಯ್‌ತಾಯ್‌ಹೌ ಎಂಬ ಪ್ರತಿಸ್ಪರ್ಧಿ ಹುಂಡಿಮನೆಯನ್ನು ಬೆಳೆಸಿದ. ನೋಡನೋಡುತ್ತ ಈ ಪುಟ್ಟ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಂಡಿಮನೆಗಳ ಮುಖ್ಯ ಕಚೇರಿಗಳು ನೆಲೆಯೂರಿದವು. ಚೀನಾದ ಹಣದ ಓಡಾಟದ ಲೆಕ್ಕ ಪಿಂಗ್ಯಾವ್‌ನ ಪಶ್ಚಿಮ ಬೀದಿಯಲ್ಲಿ ಬರೆಯಲ್ಪಡುವ ಕಾಲ ಬಂತು.

ನಂಬಿಕೆಗೆ ಕಾವಲು

ಕಾಗದದ ಮೇಲಿನ ನಾಲ್ಕು ಸಾಲು ನಂಬಿ ರಾಶಿಗಟ್ಟಲೆ ಬೆಳ್ಳಿ ಕೊಡುವುದು ಹೇಗೆ? ಅದು ನಕಲಿಯಲ್ಲ ಎಂಬುದಕ್ಕೆ ಏನು ಖಾತ್ರಿ? ತಂತಿಯಿಲ್ಲ, ಫೋನಿಲ್ಲ. ಇದಕ್ಕೆ ರಿಷೆಂಗ್‌ಚಾಂಗ್ ಕಂಡುಕೊಂಡ ಉಪಾಯಗಳು ಒಂದರ ಮೇಲೊಂದು ಪದರವಾಗಿದ್ದವು.

ಮೊದಲನೆಯದು ಕಾಗದ. ಬೆಳಕಿಗೆ ಹಿಡಿದರೆ ಸಂಸ್ಥೆಯ ಹೆಸರು ಒಳಗಿನಿಂದ ಕಾಣುವಂತೆ ನೀರ್ಗುರುತು ಹಾಕಿದ ವಿಶೇಷ ಕಾಗದವನ್ನೇ ಬಳಸುತ್ತಿದ್ದರು. ಎರಡನೆಯದು ಕೈಬರಹ. ಹುಂಡಿ ಬರೆಯುವ ಕೆಲಸ ಗೊತ್ತುಮಾಡಿದ ವ್ಯಕ್ತಿಯದೇ. ಆತನ ಅಕ್ಷರದ ತಿರುವು ಎಲ್ಲ ಶಾಖೆಗಳಿಗೂ ಪರಿಚಿತ. ಅಪರಿಚಿತ ಕೈಯ ಬರಹ ಬಂದರೆ ಹಣ ಸಿಗದು. ಮೂರನೆಯದು ಮುದ್ರೆಗಳು.

ನಾಲ್ಕನೆಯದೇ ಎಲ್ಲಕ್ಕಿಂತ ಜಾಣತನದ್ದು. ತಿಂಗಳು, ದಿನ, ಮೊತ್ತ ಇವುಗಳಿಗೆ ಗುಪ್ತ ಸಂಕೇತಗಳಿದ್ದವು. ಹನ್ನೆರಡು ತಿಂಗಳಿಗೆ ಹನ್ನೆರಡು ಅಕ್ಷರ, ಮೂವತ್ತು ದಿನಕ್ಕೆ ಮೂವತ್ತು ಅಕ್ಷರ, ಒಂದರಿಂದ ಹತ್ತರವರೆಗಿನ ಅಂಕಿಗಳಿಗೆ ಹತ್ತು ಅಕ್ಷರ. ಇವನ್ನು ಸುಮ್ಮನೆ ಆರಿಸಿಕೊಂಡಿರಲಿಲ್ಲ. ಸಿಬ್ಬಂದಿ ಬಾಯಿಪಾಠ ಮಾಡಿಕೊಳ್ಳಲು ಅನುಕೂಲವಾಗುವಂತೆ ಅರ್ಥವಿರುವ ಸಾಲುಗಳಾಗಿ ಹೊಸೆದಿದ್ದರು. ತಿಂಗಳ ಸಾಲಿನ ಹನ್ನೆರಡು ಅಕ್ಷರಗಳನ್ನು ಕೂಡಿಸಿ ಓದಿದರೆ, ಸುಳ್ಳು ಹುಂಡಿಯ ಬಗ್ಗೆ ಎಚ್ಚರದಿಂದಿರಿ, ಬರಹ ಮುದ್ರೆಗಳನ್ನು ಪರೀಕ್ಷಿಸಲು ಮರೆಯಬೇಡಿ ಎಂಬ ತಾತ್ಪರ್ಯ ಬರುತ್ತದೆ. ಗುಟ್ಟು ಹೊರಬೀಳುವ ಭಯವಿದ್ದುದರಿಂದ ಸಾಲುಗಳನ್ನು ಆಗಾಗ ಬದಲಾಯಿಸುತ್ತಿದ್ದರು. ನಮ್ಮ ಬ್ಯಾಂಕುಗಳಲ್ಲೂ ಟೆಲಿಗ್ರಾಂ ಮೂಲಕ ಹಣ ಕಳಿಸುವ ಕಾಲದಲ್ಲಿ ಬೀಗ ಹಾಕಿಟ್ಟ ಸಂಕೇತ ಪುಸ್ತಕಗಳಿದ್ದವು ಎಂದು ಇವರು ಅಲ್ಲೇ ನೆನಪಿಸಿಕೊಂಡರು.

ಇನ್ನೊಂದು ತೊಡಕು ಬೆಳ್ಳಿಯದೇ. ಆಗಿನ ಚೀನಾದಲ್ಲಿ ಒಂದೊಂದು ಊರಿನ ತೂಕ ಒಂದೊಂದು, ಬೆಳ್ಳಿಯ ಶುದ್ಧತೆಯೂ ಬೇರೆ ಬೇರೆ. ಹಾಗಾಗಿ ಹುಂಡಿಮನೆ ತನ್ನದೇ ಒಂದು ತೂಕದ ಮಟ್ಟ ಗೊತ್ತುಮಾಡಿಕೊಂಡು, ಪ್ರತಿ ಊರಿನ ತಕ್ಕಡಿಗೂ ಅದಕ್ಕೂ ಇರುವ ಅಂತರವನ್ನು ಪಟ್ಟಿ ಮಾಡಿಟ್ಟಿತ್ತು. ಕಟ್ಟಿದವನಿಗೂ ಪಡೆದವನಿಗೂ ಅನ್ಯಾಯವಾಗದಂತೆ ಲೆಕ್ಕ ಹೊಂದಿಸುವುದು ಗುಮಾಸ್ತನ ಕೈಚಳಕವಾಗಿತ್ತು.

ದುಡಿಯುವವನಿಗೂ ಪಾಲು

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಒಳಗಿನ ಆಡಳಿತ. ಹುಂಡಿಮನೆಯಲ್ಲಿ ಎರಡು ಬಗೆಯ ಪಾಲುಗಳಿದ್ದವು. ಹಣ ಹಾಕಿದವನಿಗೆ ಬೆಳ್ಳಿಯ ಪಾಲು, ದುಡಿಯುವವನಿಗೆ ದುಡಿಮೆಯ ಪಾಲು. ಒಂದು ಕಾಸೂ ಹಾಕದ ಗುಮಾಸ್ತ ವರ್ಷಗಟ್ಟಲೆ ನಿಯತ್ತಿನಿಂದ ದುಡಿದರೆ ಅವನ ಹೆಸರಿಗೆ ಸ್ವಲ್ಪ ಸ್ವಲ್ಪವಾಗಿ ಪಾಲು ಏರುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಲೆಕ್ಕ ಮುಗಿಸಿ ಲಾಭ ಹಂಚುವಾಗ ಅವನೂ ಮಾಲೀಕನ ಸಾಲಿನಲ್ಲಿ ನಿಲ್ಲುತ್ತಿದ್ದ. ಪಾಲುದಾರ ಗುಮಾಸ್ತ ತೀರಿಕೊಂಡರೆ ಅವನ ಕುಟುಂಬಕ್ಕೆ ಮುಂದೆಯೂ ಕೆಲಕಾಲ ಲಾಭಾಂಶ ಹೋಗುತ್ತಿತ್ತು. ನಷ್ಟವಾದರೆ ಮಾತ್ರ ಹೊರೆ ಮಾಲೀಕನದು. ಅಷ್ಟಾದರೂ ದಿನನಿತ್ಯದ ವ್ಯವಹಾರದಲ್ಲಿ ಮಾಲೀಕ ತಲೆಹಾಕುವಂತಿರಲಿಲ್ಲ. ಮ್ಯಾನೇಜರ್ ಹೇಳಿದ್ದೇ ಕೊನೆ.

ಇದಕ್ಕೆ ತಕ್ಕ ಕಟ್ಟುನಿಟ್ಟೂ ಇತ್ತು. ಕೆಲಸ ಕಲಿಯಲು ಸೇರುವ ಹುಡುಗನಿಗೆ ಊರಿನ ಗಣ್ಯರೊಬ್ಬರ ಜಾಮೀನು ಬೇಕು. ಮೊದಲು ಕಸ ಗುಡಿಸಿ, ಚಹಾ ಕೊಟ್ಟು, ಹಿರಿಯರ ಸೇವೆ ಮಾಡಬೇಕು. ರಾತ್ರಿ ದೀಪದ ಬೆಳಕಿನಲ್ಲಿ ಮಣಿಚೌಕಟ್ಟಿನ ಲೆಕ್ಕ, ಅಕ್ಷರ ತಿದ್ದುವ ಅಭ್ಯಾಸ. ಶಾಖೆಗೆ ನೇಮಕವಾದ ಮೇಲೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ವರ್ಷಗಟ್ಟಲೆ ದೂರದ ಊರಿನಲ್ಲಿದ್ದು ಅವಧಿ ಮುಗಿದ ಮೇಲಷ್ಟೇ ಮನೆ. ಅಫೀಮು, ಜೂಜು ನಿಷಿದ್ಧ. ಗಂಡನ ಮುಖ ನೋಡದೆ ಪಿಂಗ್ಯಾವ್‌ನ ಅಂಗಳದ ಮನೆಗಳಲ್ಲಿ ವರ್ಷ ಕಳೆದ ಹೆಂಗಸರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಹುಂಡಿಮನೆಯ ಕೀರ್ತಿಯಲ್ಲಿ ಅವರ ಪಾಲೂ ಸೇರಿದೆ ಎಂದು ನಾನು ತಿಳಿದಿದ್ದೇನೆ.

ಏರಿದ ದಾರಿ, ಇಳಿದ ದಾರಿ

ಹತ್ತೊಂಬತ್ತನೇ ಶತಮಾನದ ನಡುವೆ ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ಅರಸೊತ್ತಿಗೆಯ ವಿರುದ್ಧ ತೈಪಿಂಗ್ ದಂಗೆ ಎದ್ದು ದಾರಿಗಳೆಲ್ಲ ಅಪಾಯಕಾರಿಯಾದಾಗ ಪ್ರಾಂತ್ಯಗಳ ತೆರಿಗೆ ಹಣವನ್ನು ರಾಜಧಾನಿಗೆ ಮುಟ್ಟಿಸುವ ಕೆಲಸವೂ ಹುಂಡಿಮನೆಗಳಿಗೆ ಬಂತು. ಲಾಭ ಹೊಳೆಯಂತೆ ಹರಿಯಿತು. ಅಧಿಕಾರಿಗಳ ಠೇವಣಿ ಬಂತು, ಸರ್ಕಾರಕ್ಕೆ ಸಾಲ ಹೋಯಿತು. ವರ್ತಕರ ಸಂಸ್ಥೆ ಚಿಂಗ್ ಅರಸೊತ್ತಿಗೆಯ ಖಜಾನೆಯ ನೆರಳಿಗೆ ಸರಿಯಿತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಧುನಿಕ ಬ್ಯಾಂಕುಗಳು ತಲೆಯೆತ್ತಿದವು. ಬೀಜಿಂಗ್‌ನಲ್ಲಿ ಹುಂಡಿಮನೆಯೊಂದರ ಶಾಖೆ ನಡೆಸುತ್ತಿದ್ದ ಲಿ ಹೋಂಗ್‌ಲಿಂಗ್ ಎಂಬ ಮ್ಯಾನೇಜರ್, ಶಾನ್‌ಶಿಯ ಹುಂಡಿಮನೆಗಳೆಲ್ಲ ಕೂಡಿ ಒಂದು ಆಧುನಿಕ ಬ್ಯಾಂಕ್ ಕಟ್ಟೋಣ ಎಂದು ಮೊರೆಯಿಟ್ಟ. ಪಿಂಗ್ಯಾವ್‌ನಲ್ಲಿ ಕೂತಿದ್ದ ಹಿರಿಯ ಮ್ಯಾನೇಜರುಗಳು ಕಿವಿಗೊಡಲಿಲ್ಲ. 1911ರ ಕ್ರಾಂತಿಯಲ್ಲಿ ಅರಸೊತ್ತಿಗೆ ಉರುಳಿತು. ಕೊಟ್ಟ ಸಾಲ ವಾಪಸು ಬರಲಿಲ್ಲ, ಠೇವಣಿದಾರರು ಬಾಗಿಲಿಗೆ ಬಂದು ನಿಂತರು. 1914ರಲ್ಲಿ ರಿಷೆಂಗ್‌ಚಾಂಗ್ ದಿವಾಳಿಯಾಯಿತು. ಸುಳ್ಳು ಹುಂಡಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಅಷ್ಟೊಂದು ಕಾವಲು ಹಾಕಿದ್ದ ಸಂಸ್ಥೆ, ಕೊನೆಗೆ ಕೊಟ್ಟ ಸಾಲ ಮರಳದೆ ಮುಳುಗಿತು.

ಬಡತನ ಉಳಿಸಿದ ಕೋಟೆ

ಹುಂಡಿಮನೆಗಳು ಮುಚ್ಚಿದ ಮೇಲೆ ಪಿಂಗ್ಯಾವ್ ಬಡವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಊರಿನವರ ಕೈಯಲ್ಲಿ ಹಣವಿರಲಿಲ್ಲ. 1980ರ ದಶಕದ ಆರಂಭದಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ಶಾಂಘೈಯ ತೋಂಗ್‌ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರುವಾನ್ ಯಿಸಾನ್ ಅಡ್ಡ ನಿಂತರು. ಹಳೆಯ ಊರನ್ನು ಹಾಗೇ ಬಿಟ್ಟು ಹೊಸ ಊರನ್ನು ಕೋಟೆಯ ಹೊರಗೆ ಬೆಳೆಸುವ ನಕ್ಷೆಯನ್ನು ತಮ್ಮ ವಿದ್ಯಾರ್ಥಿಗಳೊಡನೆ ಸಿದ್ಧಪಡಿಸಿ ಅಧಿಕಾರಿಗಳನ್ನು ಒಪ್ಪಿಸಿದರು. 1997ರಲ್ಲಿ ಯುನೆಸ್ಕೊ ಪಿಂಗ್ಯಾವ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗಿರುವ ಕೋಟೆಗೋಡೆ 1370ರ ಮಿಂಗ್ ಅರಸರ ಕಾಲದ್ದು. ಸುತ್ತಳತೆ ಸುಮಾರು ಆರು ಕಿಲೋಮೀಟರ್, ಬಾಗಿಲು ಆರು, ಕಾವಲು ಗೋಪುರ 72. ಕನ್‌ಫ್ಯೂಶಿಯಸ್‌ನ 72 ಮಂದಿ ಶ್ರೇಷ್ಠ ಶಿಷ್ಯರ ನೆನಪಿಗೆ ಈ ಸಂಖ್ಯೆ ಎನ್ನುತ್ತಾರೆ. ದಕ್ಷಿಣದ ಬಾಗಿಲು ತಲೆ, ಉತ್ತರದ್ದು ಬಾಲ, ಪೂರ್ವ ಪಶ್ಚಿಮದ ನಾಲ್ಕು ಬಾಗಿಲು ಕಾಲುಗಳು ಎಂದು ಎಣಿಸಿ ಜನ ಇದನ್ನು ಆಮೆಯ ಊರು ಎಂದು ಕರೆಯುತ್ತಾರೆ. ಗೋಡೆಯ ಹೊರಮೈ ಇಟ್ಟಿಗೆಯಾದರೂ ಒಳಗಿರುವುದು ದಮ್ಮಸು ಹಾಕಿ ಬಡಿದ ಮಣ್ಣು. 2021ರ ಅಕ್ಟೋಬರಿನ ಭಾರಿ ಮಳೆಗೆ ಗೋಡೆಯ ಒಂದು ಭಾಗ ಕುಸಿದಾಗ ಈ ಊರನ್ನು ಪ್ರೀತಿಸುವವರೆಲ್ಲ ಕಳವಳಗೊಂಡಿದ್ದರು. ಮಣ್ಣಿನ ಕೋಟೆಗೆ ಬದಲಾಗುತ್ತಿರುವ ಮಳೆಗಾಲ ಈಗಿನ ಶತ್ರು.

ಹೋಗುವವರಿಗೆ

ಬೀಜಿಂಗ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಶಿಆನ್‌ನಿಂದ ಸುಮಾರು ಮೂರು ಗಂಟೆ. ಪಿಂಗ್ಯಾವ್ ಗುಚೆಂಗ್ ಎಂಬ ನಿಲ್ದಾಣ ಕೋಟೆಯಿಂದ ಹೊರಗಿದೆ, ಅಲ್ಲಿಂದ ಬಸ್ಸು ಟ್ಯಾಕ್ಸಿ ಸಿಗುತ್ತವೆ. ರೈಲಿನ ಟಿಕೆಟ್ಟು, ವಸತಿ, ಪ್ರವೇಶ ಎಲ್ಲಕ್ಕೂ ಪಾಸ್‌ಪೋರ್ಟ್ ಬೇಕು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಪಾವತಿಯೇ ರೂಢಿ. ಹೊರಡುವ ಮೊದಲೇ ಅಲಿಪೇ ಅಥವಾ ವೀಚಾಟ್ ಆ್ಯಪ್‌ಗೆ ನಿಮ್ಮ ಕಾರ್ಡ್ ಜೋಡಿಸಿಕೊಳ್ಳಿ.

ತಂಗಲು ಕೋಟೆಯೊಳಗಿನ ಅಂಗಳದ ಮನೆಗಳೇ ಚೆಂದ. ಚೀಲ ಹೊತ್ತು ತಿರುಗುವ ದಂಪತಿಗೆ ಒಗ್ಗುವ ಬಾಡಿಗೆಯಲ್ಲಿ ಸಿಗುತ್ತವೆ. ಕೆಲವು ಮನೆಗಳಲ್ಲಿ ಇಟ್ಟಿಗೆ ಜಗಲಿಯ ಕೆಳಗೆ ಬಿಸಿ ಹರಿಸುವ ಹಳೆಯ ಮಾದರಿಯ ಹಾಸಿಗೆ ಇದೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಶಾನ್‌ಶಿ ಗೋಧಿ, ಓಟ್ಸ್‌ನ ನಾಡು. ಓಟ್ಸ್ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಕೊಳವೆ ಸುತ್ತಿ, ಜೇನುಗೂಡಿನಂತೆ ಒತ್ತಾಗಿ ನಿಲ್ಲಿಸಿ ಹಬೆಯಲ್ಲಿ ಬೇಯಿಸುವ ಕಾವ್‌ಲಾವ್‌ಲಾವ್ ಇಲ್ಲಿನ ಹೆಮ್ಮೆ. ಈ ಪ್ರಾಂತ್ಯದ ಹೆಸರಾಂತ ಹಳೆಯ ವಿನೆಗರ್ ಜೊತೆ ತಿಂದರೆ ರುಚಿ. ಸಾಸ್‌ನಲ್ಲಿ ಮಾಂಸವಿರಬಹುದು, ಮಾಂಸ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ರಿಷೆಂಗ್‌ಚಾಂಗ್ 1995ರಿಂದ ವಸ್ತುಸಂಗ್ರಹಾಲಯ. ಬೀದಿಗೆ ತೆರೆದ ಕೌಂಟರುಗಳು, ಒಂದರ ಹಿಂದೊಂದು ಅಂಗಳ, ಗಿರಾಕಿಗಳನ್ನು ಕೂರಿಸುವ ಕೋಣೆ, ನೆಲದಡಿಯ ಬೆಳ್ಳಿಯ ಉಗ್ರಾಣ ಎಲ್ಲವನ್ನೂ ನೋಡಬಹುದು. ಕೋಟೆಗೋಡೆಯೂ ಇಂಥ ಹಲವು ಸಂಗ್ರಹಾಲಯಗಳೂ ಒಂದೇ ಟಿಕೆಟ್ಟಿನಲ್ಲಿವೆ. ಮೊದಲು ಬೆಂಗಾವಲು ಕಂಪನಿಯ ಸಂಗ್ರಹಾಲಯ ನೋಡಿ, ಆಮೇಲೆ ಹುಂಡಿಮನೆಗೆ ಬನ್ನಿ. ಕತ್ತಿ ಭರ್ಜಿಗಳ ಕೆಲಸವನ್ನು ಒಂದು ಹಾಳೆ ಹೇಗೆ ತನ್ನದಾಗಿಸಿಕೊಂಡಿತು ಎಂಬುದು ಆಗ ಕಣ್ಣಿಗೆ ಕಟ್ಟುತ್ತದೆ. ಸಮಯವಿದ್ದರೆ ಆರೇಳು ಕಿಲೋಮೀಟರ್ ದೂರದ ಶುವಾಂಗ್‌ಲಿನ್ ದೇವಾಲಯದ ಬಣ್ಣದ ಮಣ್ಣಿನ ಶಿಲ್ಪಗಳನ್ನು ತಪ್ಪಿಸಬೇಡಿ.

ಹೆಚ್ಚಿನ ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಪಿಂಗ್ಯಾವ್ ಇರುವುದಿಲ್ಲ, ಇದ್ದರೂ ಅರ್ಧ ದಿನ ಕೊಡುತ್ತಾರೆ. ಅದು ಸಾಲದು. ಚೀನಾಕ್ಕೆ ಹೋಗುವ ಕನ್ನಡಿಗರು, ಅದರಲ್ಲೂ ಬ್ಯಾಂಕಿನಲ್ಲಿ ದುಡಿದವರು, ದುಡಿಯುತ್ತಿರುವವರು, ಇಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ನಿಮ್ಮ ಕಸುಬಿನ ಹಿರಿಯರು ಬಾಳಿದ ಮನೆ ಇದು.