35ರ ಹೊತ್ತಿಗೆ ಡಿಗ್ರಿ ಪಾಸ್: ಕೆಲಸಕ್ಕೆ ಅಡ್ಡಿ ಆಗ್ತಿರೋದು ಏನು?

ಶಿವಮೊಗ್ಗ: ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಡಿಗ್ರಿ ಇಲ್ಲದವರಿಗೂ ಎಂಪಿಎಂ, ವಿಐಎಸ್‌ಎಲ್‌ನಲ್ಲಿ ಕೆಲಸ ಸಿಗುತ್ತಿತ್ತು. ಈಗ ಎಂಪಿಎಂ ಬಂದ್. ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಬಂದ ಮೇಲೆ ಅಲ್ಲೂ ಮೊದಲಿನ ಭರವಸೆ ಇಲ್ಲ. ಹಾಗಾಗಿ ಅರ್ಧಕ್ಕೆ ಬಿಟ್ಟ ಓದನ್ನು ಮೂವತ್ತು ದಾಟಿದ ಮೇಲೆ ಮುಗಿಸುವವರಿದ್ದಾರೆ. ಅಸಲಿ ತಲೆನೋವು ಶುರುವಾಗೋದು ಪಾಸಾದ ಮೇಲೆ.

ಡಿಗ್ರಿಯದ್ದಲ್ಲ, ವಯಸ್ಸಿನ ತೊಂದರೆ

ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲೇ ಹೇಳಿದೆ. ಆದರೆ ರಾಜ್ಯ ಸರ್ಕಾರದ ಹುದ್ದೆಗಳಿಗೆ ನಿಯಮದ ಪ್ರಕಾರ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ 40. ಲೆಕ್ಕ ಹಾಕೋದು ಅರ್ಜಿಯ ಕೊನೇ ದಿನಕ್ಕೆ. ರಿಸಲ್ಟೂ ಸಾಮಾನ್ಯವಾಗಿ ಅಷ್ಟರೊಳಗೆ ಬಂದಿರಬೇಕು. ಒಂದು ತಿಂಗಳು ತಡವಾದರೆ ಇಪ್ಪತ್ತೆರಡರ ಹುಡುಗನಿಗೆ ಮುಂದಿನ ನೋಟಿಫಿಕೇಶನ್ ಇದೆ, 35ರವರಿಗೆ ಅದೇ ಕೊನೇ ಬಸ್. ಸರ್ಕಾರ ಆಗೊಮ್ಮೆ ಮಿತಿ ಸಡಿಲಿಸುತ್ತದೆ, 2024ರಲ್ಲಿ ಮೂರು ವರ್ಷ ಕೊಟ್ಟಿತ್ತು. ವಯಸ್ಸು ಮೀರಿತು ಅಂತ ಕೈಬಿಡುವ ಮೊದಲು ಅಧಿಸೂಚನೆ ಪೂರ್ತಿ ಓದಬೇಕು.

ಅಂಗಡಿ ಮಾಲೀಕರು ಮಾಡಬಹುದಾದದ್ದು

ಖಾಸಗಿಯಲ್ಲಿ ಬೇರೆಯೇ ಕಥೆ. ಫ್ರೆಶರ್ ಅನ್ನೋಕೆ ವಯಸ್ಸಾಯ್ತು, ಅನುಭವಿ ಅನ್ನೋಕೆ ಕಾಗದ ಇಲ್ಲ. ಗಾಂಧಿ ಬಜಾರ್‌ನಂಥ ಕಡೆ ಹತ್ತು ವರ್ಷ ಬಿಲ್ಲು, ಸ್ಟಾಕು, ಜಿಎಸ್‌ಟಿ ನೋಡಿಕೊಂಡವರ ಹತ್ತಿರವೂ ಎಷ್ಟೋ ಸಲ ಸ್ಯಾಲರಿ ಸ್ಲಿಪ್ ಇರೋದಿಲ್ಲ. ಯಾವಾಗಿಂದ ಯಾವಾಗಿನವರೆಗೆ, ಏನು ಕೆಲಸ ಅಂತ ಮಾಲೀಕರು ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು ಸಹಿ, ಸೀಲು ಹಾಕಿಕೊಟ್ಟರೆ ರೆಸ್ಯೂಮ್‌ಗೆ ಅದೇ ಆಧಾರ. ಖರ್ಚೇನೂ ಇಲ್ಲ. ಕೆಲಸ ಬಿಟ್ಟು ಹೋದವರು ವಾಪಸ್ ಬಂದು ಕೇಳೋಕೆ ಮುಜುಗರ ಪಡ್ತಾರೆ, ಅಷ್ಟೇ.