ಸೋತ ಕುದುರೆಯ ಮೇಲೊಂದು ಕಣ್ಣು

2024ರ ಮೇ 4ರಂದು ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಒಂದು ಮೈಲಿಯ 2000 ಗಿನೀಸ್ ರೇಸು ಮುಗಿದಾಗ ಸಿಟಿ ಆಫ್ ಟ್ರಾಯ್ ಒಂಬತ್ತನೆಯ ಸ್ಥಾನದಲ್ಲಿತ್ತು. ಎರಡು ವರ್ಷದ ಮರಿಯಾಗಿದ್ದಾಗ ಓಡಿದ ಮೂರೂ ರೇಸುಗಳನ್ನು ಗೆದ್ದು, ಡ್ಯೂಹರ್ಸ್ಟ್ ಸ್ಟೇಕ್ಸ್‌ನಂಥ ದೊಡ್ಡ ಬಹುಮಾನ ಹೊತ್ತೊಯ್ದಿದ್ದ ಕುದುರೆ ಅದು. ಆ ದಿನದ ಫೇವರಿಟ್ ಕೂಡ ಅದೇ. ಗೆದ್ದದ್ದು ನೋಟೆಬಲ್ ಸ್ಪೀಚ್. ಚಳಿಗಾಲವಿಡೀ ಸಿಟಿ ಆಫ್ ಟ್ರಾಯ್ ಹೆಸರನ್ನೇ ಜಪಿಸಿದ್ದವರಲ್ಲಿ ಬಹಳ ಮಂದಿ ಸಂಜೆಯೊಳಗೆ ಅದರ ಆಸೆ ಬಿಟ್ಟರು. ಸರಿಯಾಗಿ ನಾಲ್ಕು ವಾರಕ್ಕೆ, ಜೂನ್ 1ರಂದು, ಜಾಕಿ ರಯನ್ ಮೂರ್ ಅದೇ ಕುದುರೆಯನ್ನು ಎಪ್ಸಮ್‌ನಲ್ಲಿ ಒಳಗಿನ ಕಂಬಿಯ ಪಕ್ಕದಿಂದ ಮುಂದಕ್ಕೆ ತಂದು ಒಂದೂವರೆ ಮೈಲಿಯ ಡರ್ಬಿ ಗೆಲ್ಲಿಸಿದರು. ಎರಡನೆಯದಾಗಿ ಬಂದ ಕುದುರೆ ಎರಡು ಮುಕ್ಕಾಲು ಲೆಂತ್ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಹಿಂದಿತ್ತು.

ಇದೊಂದು ಪವಾಡವೆಂದು ಬರೆದವರಿದ್ದಾರೆ. ಆದರೆ ಅದಕ್ಕೆ ಹಿಂದಿನ ವರ್ಷವೇ ಇಂಥದ್ದು ನಡೆದಿತ್ತು. 2023ರ ಗಿನೀಸ್‌ನಲ್ಲಿ ಆಗಸ್ಟ್ ರೋಡಿನ್ ಹನ್ನೆರಡನೆಯದಾಗಿ ಬಂದಿತು. ನಾಲ್ಕು ವಾರದ ನಂತರ ಕಿಂಗ್ ಆಫ್ ಸ್ಟೀಲ್ ಅನ್ನು ಅರ್ಧ ಲೆಂತ್‌ನಿಂದ ಹಿಂದಿಕ್ಕಿ ಡರ್ಬಿ ಗೆದ್ದಿತು. ಎರಡೂ ಕುದುರೆಗಳು ಐರ್ಲೆಂಡಿನ ಟ್ರೇನರ್ ಏಡನ್ ಓಬ್ರಿಯನ್ ಅವರ ಲಾಯದವು. ಹಾಗಾಗಿ ಇದನ್ನು ಓಬ್ರಿಯನ್ ಕೈಗುಣ ಎಂದುಬಿಡಬಹುದು. ಎಪ್ಸಮ್ ಡರ್ಬಿಯನ್ನು ಹನ್ನೊಂದು ಸಲ ಗೆದ್ದ ಮನುಷ್ಯನ ಕೈಗುಣವನ್ನು ಅಲ್ಲಗಳೆಯುವವರು ಯಾರು? ಆದರೂ ಫ್ಲ್ಯಾಟ್ ರೇಸನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಭಿಮಾನಿಗೆ ಇದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಡರ್ಬಿಯ ಕುದುರೆಯನ್ನು ಹುಡುಕುವವರು ಗಿನೀಸ್‌ನಲ್ಲಿ ಗೆದ್ದ ಕುದುರೆಗಿಂತ ಸೋತ ಕುದುರೆಗಳನ್ನು ಹೆಚ್ಚು ಹೊತ್ತು ನೋಡಬೇಕು, ಸೋತದ್ದು ಏಕೆ ಎಂದು ಕೇಳಬೇಕು.

ಅಂಕಿಸಂಖ್ಯೆಯೂ ಇದನ್ನೇ ಹೇಳುತ್ತದೆ. ಗಿನೀಸ್ ಮತ್ತು ಡರ್ಬಿ ಎರಡನ್ನೂ ಗೆದ್ದ ಕೊನೆಯ ಕುದುರೆ 2012ರ ಕ್ಯಾಮೆಲಾಟ್. ಅದಕ್ಕೂ ಮುಂಚೆ 2009ರಲ್ಲಿ ಸೀ ದ ಸ್ಟಾರ್ಸ್ ಗೆದ್ದಿತ್ತು. ಕ್ಯಾಮೆಲಾಟ್ ಬಳಿಕ 2025ರವರೆಗೆ ಈ ಜೋಡಿ ಗೆಲುವು ಯಾವ ಕುದುರೆಗೂ ದಕ್ಕಿಲ್ಲ. ಆದರೆ ಅದೇ ಅವಧಿಯಲ್ಲಿ ಗಿನೀಸ್‌ನಲ್ಲಿ ಸೋತು ಡರ್ಬಿ ಗೆದ್ದವು ನಾಲ್ಕು: ಆಸ್ಟ್ರೇಲಿಯಾ, ಮಸಾರ್, ಆಗಸ್ಟ್ ರೋಡಿನ್, ಸಿಟಿ ಆಫ್ ಟ್ರಾಯ್.

ಕಾರಣ ನೆಲದಲ್ಲೇ ಇದೆ. ನ್ಯೂಮಾರ್ಕೆಟ್‌ನ ರೌಲಿ ಮೈಲು ತಿರುವೇ ಇಲ್ಲದ ನೇರ ದಾರಿ. ಕೊನೆಯಲ್ಲಿ ಒಂದು ತಗ್ಗು, ಆಮೇಲೊಂದು ಏರು. ಅಲ್ಲಿ ಬೇಕಾದ್ದು ವೇಗ, ಗೇಟು ತೆರೆದ ಕ್ಷಣದಿಂದಲೇ. ಎಪ್ಸಮ್‌ನ ಕಥೆಯೇ ಬೇರೆ. ಸುಮಾರು 2,400 ಮೀಟರಿನ ಆ ದಾರಿ ಕುದುರೆ ಲಾಳದ ಆಕಾರದಲ್ಲಿ ಬಾಗಿದೆ. ಮೊದಲ ಅರ್ಧ ಮೈಲಿಯಲ್ಲೇ ಕುದುರೆಗಳು ಸುಮಾರು 40 ಮೀಟರ್ ಎತ್ತರಕ್ಕೆ ಏರಬೇಕು. ಅಲ್ಲಿಂದ ಇಳಿಜಾರಿನಲ್ಲಿ ಧಾವಿಸುತ್ತಲೇ ಟ್ಯಾಟನ್‌ಹ್ಯಾಮ್ ಕಾರ್ನರ್ ಎಂಬ ಎಡತಿರುವನ್ನು ಹಿಡಿಯಬೇಕು. ನೇರ ದಾರಿಗೆ ಬಂದಮೇಲಾದರೂ ನೆಮ್ಮದಿಯಿದೆಯೇ ಎಂದರೆ ಅಲ್ಲಿ ನೆಲವೇ ಒಳಗಿನ ಕಂಬಿಯ ಕಡೆಗೆ ವಾಲಿದೆ. ದಣಿದ ಕುದುರೆ ಆ ಓರೆಯಲ್ಲಿ ಜಾರುತ್ತ ಪಕ್ಕದ ಕುದುರೆಗೆ ತಾಗುತ್ತದೆ. ಕಾಲು ಹದವಾಗಿ ಊರಬಲ್ಲ, ಗದ್ದಲಕ್ಕೆ ಬೆದರದ, ಕೊನೆಯ ಫರ್ಲಾಂಗಿಗೂ ದಮ್ಮು ಉಳಿಸಿಕೊಂಡ ಕುದುರೆಗೆ ಮಾತ್ರ ಒಲಿಯುವ ದಾರಿ ಇದು. ಮೂರು ವರ್ಷದ, ಇನ್ನೂ ಮೈ ತುಂಬುತ್ತಿರುವ ಪ್ರಾಣಿಯಿಂದ ಇಷ್ಟೆಲ್ಲ ಕೇಳುವ ರೇಸು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಡರ್ಬಿ ಅಭಿಮಾನಿಗಳು ಎದೆತಟ್ಟಿ ಹೇಳುವುದರಲ್ಲಿ ಅತಿಶಯವಿಲ್ಲ.

2018ರ ಉದಾಹರಣೆ ಇನ್ನೂ ಸ್ಪಷ್ಟ. ಆ ವರ್ಷ ಗಿನೀಸ್ ಗೆದ್ದ ಸ್ಯಾಕ್ಸನ್ ವಾರಿಯರ್ ಡರ್ಬಿಯಲ್ಲೂ ಗೆದ್ದೇಬಿಟ್ಟಿತು ಎಂಬಂತೆ ಜನ ಹಣ ಕಟ್ಟಿದರು. ಗಿನೀಸ್‌ನಲ್ಲಿ ಅದರ ಹಿಂದೆ ಮೂರನೆಯದಾಗಿ ಬಂದಿದ್ದ ಮಸಾರ್ ಎಪ್ಸಮ್‌ನಲ್ಲಿ ಗೆದ್ದಿತು. ಸ್ಯಾಕ್ಸನ್ ವಾರಿಯರ್‌ಗೆ ನಾಲ್ಕನೆಯ ಸ್ಥಾನ. ಮಸಾರ್‌ನ ವಂಶಾವಳಿ ನೋಡಿದ್ದವರಿಗೆ ಇದು ತೀರಾ ಅನಿರೀಕ್ಷಿತವಾಗಿರಲಿಲ್ಲ. ಅದರ ತಂದೆ ನ್ಯೂ ಅಪ್ರೋಚ್ 2008ರ ಡರ್ಬಿ ಗೆದ್ದದ್ದು, ಅದೂ ಗಿನೀಸ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಸೋತ ಮೇಲೆ. ತಂದೆಯ ತಂದೆ ಗೆಲಿಲಿಯೊ 2001ರ ಡರ್ಬಿ ವಿಜೇತ. ಮೂರು ತಲೆಮಾರು ಒಂದೇ ದಾರಿಯಲ್ಲಿ ಗೆದ್ದಿದೆ.

ಹಾಗೆಂದು ವಂಶವನ್ನೇ ನಂಬಿ ಕೂರುವಂತಿಲ್ಲ. ಗೋಲ್ಡನ್ ಹಾರ್ನ್ ಎಂಬ ಕುದುರೆಗೆ ಒಂದೂವರೆ ಮೈಲಿಯ ದಮ್ಮಿಲ್ಲವೆಂದು ಭಾವಿಸಿ ಮೊದಲು ಡರ್ಬಿಗೆ ಹೆಸರನ್ನೇ ಕೊಟ್ಟಿರಲಿಲ್ಲ. 2015ರ ಮೇ ತಿಂಗಳಲ್ಲಿ ಯಾರ್ಕ್‌ನ ಡಾಂಟೆ ಸ್ಟೇಕ್ಸ್ ಗೆದ್ದ ಮೇಲೆ 75,000 ಪೌಂಡ್ ಕಟ್ಟಿ ಕೊನೆಗಳಿಗೆಯಲ್ಲಿ ಸೇರಿಸಿದರು. ಅದು ಡರ್ಬಿಯನ್ನೂ ಗೆದ್ದಿತು, ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಆರ್ಕ್ ರೇಸನ್ನೂ ಗೆದ್ದಿತು. ಅದರ ತಂದೆ ಕೇಪ್ ಕ್ರಾಸ್ ಒಂದು ಮೈಲಿಯ ಓಟಗಾರ. ಅದೇ ಕೇಪ್ ಕ್ರಾಸ್ ಸೀ ದ ಸ್ಟಾರ್ಸ್‌ಗೂ ತಂದೆ. ಆದರೆ ಸೀ ದ ಸ್ಟಾರ್ಸ್‌ನ ತಾಯಿ ಅರ್ಬನ್ ಸೀ 1993ರಲ್ಲಿ ಆರ್ಕ್ ಗೆದ್ದವಳು, ಗೆಲಿಲಿಯೊನನ್ನೂ ಹೆತ್ತವಳು. ಬೀಜದ ಕುದುರೆಯ ಹೆಸರು ಎಲ್ಲರ ಬಾಯಲ್ಲಿರುತ್ತದೆ, ತಾಯಿಯ ಹೆಸರು ಪುಸ್ತಕದಲ್ಲೇ ಉಳಿಯುತ್ತದೆ. ಡರ್ಬಿಯ ವಿಷಯದಲ್ಲಿ ಈ ಮರೆವು ದುಬಾರಿ. ಸಿಟಿ ಆಫ್ ಟ್ರಾಯ್ ಮತ್ತು ಆಗಸ್ಟ್ ರೋಡಿನ್‌ರ ತಂದೆಗಳು ಬೇರೆ ಬೇರೆ ಖಂಡದವು: ಒಂದು ಅಮೆರಿಕದ ಜಸ್ಟಿಫೈ, ಇನ್ನೊಂದು ಜಪಾನಿನ ಡೀಪ್ ಇಂಪ್ಯಾಕ್ಟ್. ತಾಯಂದಿರಿಬ್ಬರೂ ಗೆಲಿಲಿಯೊನ ಮಕ್ಕಳು.

ಕುದುರೆಯ ದಮ್ಮಿನ ಗುಟ್ಟು ರಕ್ತದಲ್ಲೇ ಎಷ್ಟಿದೆ ಎಂಬುದನ್ನು ವಿಜ್ಞಾನಿಗಳೂ ಹುಡುಕಿದ್ದಾರೆ. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನ ಎಮೆಲಿನ್ ಹಿಲ್ ಮತ್ತು ಸಂಗಡಿಗರು 2010ರಲ್ಲಿ ಮಯೊಸ್ಟಾಟಿನ್ ಎಂಬ ಜೀನಿನ ಮೂರು ಬಗೆಗಳನ್ನು ಗುರುತಿಸಿದರು. ಒಂದು ಬಗೆ ಚಿಕ್ಕ ಓಟಕ್ಕೆ, ಇನ್ನೊಂದು ಮಧ್ಯಮ ದೂರಕ್ಕೆ, ಮತ್ತೊಂದು ದೂರದ ಓಟಕ್ಕೆ ಒಲವು ತೋರುತ್ತದೆ. ಈಗ ಒಡೆಯರು ಪರೀಕ್ಷೆ ಮಾಡಿಸಿ ಮುಂಚೆಯೇ ತಿಳಿದುಕೊಳ್ಳಬಹುದು. ನೋಡುವವರಿಗೆ ಆ ವರದಿ ಸಿಗುವುದಿಲ್ಲ. ಅವರಿಗೆ ಇರುವುದು ಕಣ್ಣು, ಹಳೆಯ ರೇಸಿನ ದಾಖಲೆ, ಆ ದಿನದ ನೆಲದ ಹದ.

ಈ ಮೂರನ್ನೂ ಇಟ್ಟುಕೊಂಡು ಸೋಲನ್ನು ತೂಗಬೇಕು. ಕೆಲವು ಸೋಲುಗಳಿಗೆ ಕ್ಷಮೆಯುಂಟು. ಆಗಸ್ಟ್ ರೋಡಿನ್ ಸೋತ 2023ರ ಗಿನೀಸ್ ಮಳೆಗೆ ನೆನೆದ ಮೆತ್ತನೆಯ ನೆಲದಲ್ಲಿ ನಡೆಯಿತು. ಸಿಟಿ ಆಫ್ ಟ್ರಾಯ್ ಸ್ಟಾರ್ಟಿಂಗ್ ಗೇಟಿನಲ್ಲೇ ತಳಮಳಗೊಂಡಿತ್ತು. ವರ್ಕ್‌ಫೋರ್ಸ್ ಎಂಬ ಕುದುರೆಯದು ಇನ್ನೂ ವಿಶೇಷ: 2010ರ ಡಾಂಟೆಯಲ್ಲಿ ಅದರ ಬಾಯಿಯ ಕಡಿವಾಣ ಜಾರಿತು, ಎರಡನೆಯ ಸ್ಥಾನಕ್ಕೆ ಇಳಿಯಿತು. ಡರ್ಬಿಯಲ್ಲಿ ಏಳು ಲೆಂತ್‌ನಿಂದ ಗೆದ್ದಿತು, 2 ನಿಮಿಷ 31.33 ಸೆಕೆಂಡಿನ ದಾಖಲೆಯೊಂದಿಗೆ. ಕ್ಷಮಿಸಲಾಗದ ಸೋಲು ಬೇರೆ ಥರದ್ದು: ಒಳ್ಳೆಯ ನೆಲ, ಸಲೀಸಾದ ದಾರಿ, ಎಲ್ಲ ಇದ್ದೂ ಕೊನೆಯ ಫರ್ಲಾಂಗಿನಲ್ಲಿ ಹೆಜ್ಜೆ ಕಿರಿದಾಗುತ್ತ ಹೋದ ಕುದುರೆ. ಒಂದು ಮೈಲಿಗೇ ದಣಿದದ್ದು ಇನ್ನೂ ಅರ್ಧ ಮೈಲಿ ಎಲ್ಲಿಂದ ತಂದೀತು?

ಡರ್ಬಿಯ ಸೋಲನ್ನೂ ಹೀಗೆಯೇ ಓದಬೇಕು. 1986ರಲ್ಲಿ ಡ್ಯಾನ್ಸಿಂಗ್ ಬ್ರೇವ್ ಗಿನೀಸ್ ಗೆದ್ದು ಬಂದಿತ್ತು. ಎಪ್ಸಮ್‌ನಲ್ಲಿ ತೀರಾ ಹಿಂದೆ ಉಳಿದು, ಕಡೆಗೆ ಮಿಂಚಿನಂತೆ ಬಂದು ಶಾಹ್ರಸ್ತಾನಿಗೆ ಅರ್ಧ ಲೆಂತ್‌ನಿಂದ ಸೋತಿತು. ಆ ವರ್ಷ ಅಕ್ಟೋಬರಿನಲ್ಲಿ ಅದೇ ಕುದುರೆ ಆರ್ಕ್ ಗೆದ್ದಿತು. ಡರ್ಬಿಯ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆ ಪೀಳಿಗೆಯ ಶ್ರೇಷ್ಠ ಕುದುರೆ ಯಾವುದೆಂದರೆ ಈಗಲೂ ಮೊದಲು ಬರುವ ಹೆಸರು ಅದೇ.

ಕರ್ನಾಟಕದ ರೇಸ್ ಪ್ರಿಯರಿಗೆ ಇವೆಲ್ಲ ದೂರದ ಸುದ್ದಿಯಾಗಬೇಕಿಲ್ಲ. ಭಾರತದ ಕ್ಲಾಸಿಕ್ ರೇಸುಗಳು ಇದೇ ಅಚ್ಚಿನಲ್ಲಿ ರೂಪುಗೊಂಡವು: ಮುಂಬಯಿಯ ಮಹಾಲಕ್ಷ್ಮಿಯಲ್ಲಿ 1,600 ಮೀಟರಿನ ಇಂಡಿಯನ್ 2000 ಗಿನೀಸ್, ಫೆಬ್ರವರಿ ಹೊತ್ತಿಗೆ 2,400 ಮೀಟರಿನ ಇಂಡಿಯನ್ ಡರ್ಬಿ. ಬೆಂಗಳೂರಿಗೂ ತನ್ನದೇ ಡರ್ಬಿಗಳಿವೆ. ಕುಣಿಗಲ್ಲಿನ ಸ್ಟಡ್ ಫಾರ್ಮು ರೇಸ್ ಕುದುರೆ ಸಾಕಣೆಯಲ್ಲಿ ದೇಶದ ಹಳೆಯ ಹೆಸರು. ಮಹಾಲಕ್ಷ್ಮಿಯಲ್ಲಿ ಎಪ್ಸಮ್‌ನ ಏರು-ತಗ್ಗಿಲ್ಲ, ಓರೆ ನೆಲವಿಲ್ಲ. ಆದರೆ 1,600ರಿಂದ 2,400ಕ್ಕೆ ಜಿಗಿಯುವ ಪ್ರಶ್ನೆ ಅಲ್ಲಿಯೂ ಅದೇ. ಗಿನೀಸ್‌ನಲ್ಲಿ ನಾಲ್ಕನೆಯದೋ ಐದನೆಯದೋ ಆಗಿ ಬಂದು, ಗೆರೆ ದಾಟುವಾಗ ಇನ್ನೂ ವೇಗ ಹೆಚ್ಚಿಸುತ್ತಿದ್ದ ಕುದುರೆ ಯಾವುದು, ಅದರ ತಾಯಿ ಎಷ್ಟು ದೂರ ಓಡಿದ್ದಳು ಎಂದು ರೇಸ್ ಪುಸ್ತಕದಲ್ಲಿ ಗುರುತು ಹಾಕಿಕೊಂಡವರಿಗೆ ಡರ್ಬಿಯ ದಿನ ಫೇವರಿಟ್‌ನ ಆಚೆಗೂ ನೋಡಲು ಒಂದು ಹೆಸರಿರುತ್ತದೆ.